ಇನ್ಸುಲಿನ್‌ಗೆ ಯಾವ ಸಿರಿಂಜ್ ಆದರೂ ನಡೆಯುತ್ತದೆಯೇ?

1 ಎಂಎಲ್ ಇನ್ಸುಲಿನ್ ಎಂದರೆ ಯಾವಾಗಲೂ 100 ಯೂನಿಟ್, ಅದಕ್ಕೆ ಕಿತ್ತಳೆ ಕ್ಯಾಪ್‌ನ ಸಿರಿಂಜ್ ಸಾಕು. ನರ್ಸಿಂಗ್ ಪರೀಕ್ಷೆಗೆ ಓದುವವರಿಗೆ ಸಿಗುವ ಚುಟುಕು ನೋಟ್ಸ್‌ಗಳಲ್ಲಿ ಇಂಥ ಮಾತು ಕಾಣಿಸುತ್ತದೆ. ಫಾರ್ವರ್ಡ್ ಆಗುತ್ತಾ ಮನೆಯವರ ವಾಟ್ಸಾಪ್ ಗ್ರೂಪಿಗೂ ಬಂದರೆ? ಇದು ಎಷ್ಟು ನಿಜ, ನೋಡೋಣ.

ಈ ಮಾತು ಎಲ್ಲಿಂದ ಬಂತು?

ಅಮೆರಿಕದಲ್ಲಿ ನರ್ಸ್ ಆಗಲು ಎನ್‌ಸಿಎಲ್‌ಇಎಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ನಮ್ಮಲ್ಲಿಯೂ ಅನೇಕರು ಅದಕ್ಕೆ ಓದುತ್ತಾರೆ. ಅಲ್ಲಿ ಜನರಿಗೆ ಕೊಡುವ ಇನ್ಸುಲಿನ್ ಬಹುಪಾಲು ಯು-100, ಅಂದರೆ 1 ಎಂಎಲ್‌ನಲ್ಲಿ 100 ಯೂನಿಟ್. ಆದ್ದರಿಂದ ಅಲ್ಲಿನ ಪುಸ್ತಕಗಳೂ ಅದನ್ನೇ ಹೇಳುತ್ತವೆ. ಆದರೆ ‘ಯಾವಾಗಲೂ’ ಎನ್ನುವುದು ಅಲ್ಲಿಗೂ ಸರಿಯಲ್ಲ. ಯು-500 ಇನ್ಸುಲಿನ್ ಕೂಡ ಇದೆ.

ಭಾರತದಲ್ಲಿ ಹೇಗೆ?

ನಮ್ಮಲ್ಲಿ ಎರಡು ಬಗೆ ಬಳಕೆಯಲ್ಲಿವೆ. ಸೀಸೆಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಯು-40. ಪೆನ್ನಿಗೆ ಹಾಕುವ ಕಾರ್ಟ್ರಿಜ್ ಮತ್ತು ಕೆಲವು ಸೀಸೆಗಳು ಯು-100. ಯು-40 ಸಿರಿಂಜ್‌ಗೆ ಕೆಂಪು ಕ್ಯಾಪ್, ಯು-100ಕ್ಕೆ ಕಿತ್ತಳೆ ಕ್ಯಾಪ್ ಇರುವುದು ರೂಢಿ.

ಅದಲುಬದಲಾದರೆ ಏನಾಗುತ್ತದೆ?

ಡಾಕ್ಟರ್ 20 ಯೂನಿಟ್ ಬರೆದಿದ್ದಾರೆ ಎಂದುಕೊಳ್ಳಿ.

• ಯು-100 ಇನ್ಸುಲಿನ್ ಅನ್ನು ಯು-40 ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಅರ್ಧ ಎಂಎಲ್ ಬರುತ್ತದೆ. ಅದು 50 ಯೂನಿಟ್! ಎರಡೂವರೆ ಪಟ್ಟು ಡೋಸ್. ಸಕ್ಕರೆ ಅಂಶ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು.
• ಯು-40 ಇನ್ಸುಲಿನ್ ಅನ್ನು ಯು-100 ಸಿರಿಂಜ್‌ನಲ್ಲಿ 20ರವರೆಗೆ ಎಳೆದರೆ ಸಿಗುವುದು 8 ಯೂನಿಟ್ ಮಾತ್ರ. ಸಕ್ಕರೆ ಏರುತ್ತದೆ.

ಪೆನ್ ಕೆಟ್ಟಿದೆಯೆಂದು ಕಾರ್ಟ್ರಿಜ್‌ನಿಂದ ಕೆಂಪು ಕ್ಯಾಪ್‌ನ ಸಿರಿಂಜ್‌ಗೆ ಎಳೆದರೆ ಆಗುವುದು ಮೊದಲ ತಪ್ಪೇ.

ಬರೆಯುವಾಗಲೂ ಎಚ್ಚರ

ಯೂನಿಟ್ ಎಂಬುದಕ್ಕೆ ಇಂಗ್ಲಿಷಿನ ‘ಯು’ ಅಕ್ಷರವೊಂದನ್ನೇ ಬರೆದರೆ ಅದು ಸೊನ್ನೆಯಂತೆ ಕಂಡು, 10 ಎನ್ನುವುದು 100 ಆಗಬಹುದು. ಅಮೆರಿಕದ ಜಾಯಿಂಟ್ ಕಮಿಷನ್ 2004ರಲ್ಲಿ ಹೊರಡಿಸಿದ, ಬಳಸಬಾರದ ಸಂಕ್ಷೇಪಗಳ ಪಟ್ಟಿಯಲ್ಲಿ ಇದೂ ಇದೆ. ಪೂರ್ತಿ ‘ಯೂನಿಟ್’ ಎಂದೇ ಬರೆಯಬೇಕು.

ಏನು ಮಾಡಬೇಕು?

• ಸೀಸೆಯ ಮೇಲಿನ ಸಂಖ್ಯೆಯೂ ಸಿರಿಂಜ್ ಮೇಲಿನ ಸಂಖ್ಯೆಯೂ ಒಂದೇ ಇದೆಯೇ ನೋಡಿ. ಬಣ್ಣವನ್ನಷ್ಟೇ ನಂಬಬೇಡಿ.
• ಆಸ್ಪತ್ರೆಯಲ್ಲಿದ್ದರೆ ಕೊಡುವ ಮುನ್ನ ಇನ್ನೊಬ್ಬ ನರ್ಸ್‌ಗೆ ತೋರಿಸಿ.
• ಬೆವರು, ನಡುಕ, ಗಲಿಬಿಲಿ ಕಂಡರೆ ಸಕ್ಕರೆ ಪರೀಕ್ಷಿಸಿ. ಎಚ್ಚರವಿದ್ದು ನುಂಗಲು ಆಗುವವರಿಗೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ಈ ಮಾತು ಅರ್ಧ ಸತ್ಯ. ಪರೀಕ್ಷೆಯಲ್ಲಿ ಒಂದು ಅಂಕ ತಂದುಕೊಟ್ಟರೂ ನಮ್ಮ ಮನೆಗಳಲ್ಲಿ ಅಪಾಯ ತರಬಲ್ಲದು. ಹೀಗೇ ಫಾರ್ವರ್ಡ್ ಮಾಡಬೇಡಿ.