ದನಿಯ ಬಣ್ಣ: ದಂಡುಪ್ರದೇಶದ ಒಂದು ಶ್ರವಣಚರಿತ್ರೆ

ನಾದಕ್ಕೆ ಶ್ರುತಿಯೂ ಪ್ರಮಾಣವೂ ಇರುವಂತೆ ಬಣ್ಣವೂ ಉಂಟು. ವೀಣೆಯ ಷಡ್ಜ, ಕೊಳಲಿನ ಷಡ್ಜ ಎರಡೂ ಒಂದೇ ಶ್ರುತಿಯಲ್ಲಿದ್ದರೂ ಕಣ್ಣು ಮುಚ್ಚಿ ಕೇಳುವವನು ಅವನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲ. ಮೂಲಸ್ವರದ ಜತೆಯಲ್ಲಿ ಹುಟ್ಟುವ ಉಪಸ್ವರಗಳ ಹೆಚ್ಚುಕಡಿಮೆಯೇ ಇದಕ್ಕೆ ಮುಖ್ಯ ಕಾರಣ. ಮೃದಂಗದ ಕಪ್ಪು ಕರಣೆ ಈ ಉಪಸ್ವರಗಳನ್ನು ಹೇಗೆ ಶ್ರುತಿಬದ್ಧಗೊಳಿಸುತ್ತದೆಂಬುದನ್ನು ಸರ್ ಸಿ. ವಿ. ರಾಮನ್ನರು 1920ರಲ್ಲಿಯೇ ವಿವರಿಸಿದ್ದರು. ಬೆಂಗಳೂರಿಗೆ ಬಂದ ಮೇಲೆಯೂ ಆ ವಿಷಯಕ್ಕೆ ಮರಳಿದರು.

ಇಂದು ಮನೆಯ ಹಜಾರದಲ್ಲಿ ಐದಾರು ಸ್ಪೀಕರುಗಳನ್ನಿರಿಸಿ ಪುಟ್ಟ ಚಿತ್ರಮಂದಿರವನ್ನು ಕಟ್ಟಿಕೊಳ್ಳುವವರ ಮುಂದಿರುವುದು ಈ ಬಣ್ಣದ ಪ್ರಶ್ನೆಯೇ. ಪಾತ್ರವು ತೆರೆಯ ಎಡದಿಂದ ಬಲಕ್ಕೆ ನಡೆದಾಗ ಅದರ ದನಿ ಬೇರೆಯವರ ದನಿಯಾಗಿಬಿಡಬಾರದು. ಈ ಎಚ್ಚರಕ್ಕೆ ನಮ್ಮ ದಂಡುಪ್ರದೇಶದಲ್ಲಿ ಒಂದು ದೀರ್ಘವಾದ ಪೂರ್ವಕಥೆ ಇದೆಯೆಂದು ನನಗೆ ತೋರುತ್ತದೆ.

ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ 1881ರ ಪೈಪ್ ಆರ್ಗನ್ ಒಂದಿದೆ. ಇಂಗ್ಲೆಂಡಿನ ಪೀಟರ್ ಕೊನಾಕರ್ ಸಂಸ್ಥೆಯ ನಿರ್ಮಾಣ ಅದು. ಆರ್ಗನ್ನಿನಲ್ಲಿ ಒಂದೊಂದು ಸ್ವರಕ್ಕೂ ಒಂದೊಂದು ಕೊಳವೆ. ಉದ್ದದ ಕೊಳವೆಯೂ ಗೇಣುದ್ದದ ಕೊಳವೆಯೂ ಒಂದೇ ಕುಟುಂಬದವೆಂದು ಕಿವಿಗೆ ತೋರಬೇಕಾದರೆ ಪ್ರತಿಯೊಂದರ ಬಾಯನ್ನೂ ಗಾಳಿಯ ದಾರಿಯನ್ನೂ ಕೈಯಿಂದ ತಿದ್ದಬೇಕು. ಶ್ರುತಿ ಕೂಡಿಸುವುದು ಒಂದು ಕೆಲಸ, ಬಣ್ಣ ಕೂಡಿಸುವುದು ಮತ್ತೊಂದು. ಜೋಡಿ ನಾಗಸ್ವರವನ್ನು ಕೇಳಿ ಬೆಳೆದ ಹಲಸೂರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಿವಾಜಿನಗರದ ಎಲ್ಗಿನ್ ಟಾಕೀಸು 19ನೆಯ ಶತಮಾನದ ಕೊನೆಯಲ್ಲಿ ನಾಟಕಶಾಲೆಯಾಗಿ ಎದ್ದ ಕಟ್ಟಡ. 1931ರಲ್ಲಿ ‘ಆಲಂ ಆರಾ’, 1934ರಲ್ಲಿ ಕನ್ನಡದ ‘ಸತಿ ಸುಲೋಚನಾ’ ಬಂದು ಚಿತ್ರಗಳಿಗೆ ಮಾತು ಬಂದಾಗ, ದನಿಯ ಹೊಣೆ ನಟನ ಗಂಟಲಿನಿಂದ ಯಂತ್ರದ ಕೊರಳಿಗೆ ದಾಟಿತು. ಆ ಕೊರಳು ಸುಲಭದಲ್ಲಿ ಪಳಗಲಿಲ್ಲ. ಹಾಲಿವುಡ್ಡಿನಲ್ಲಿ ಎಲಿನರ್ ಪವೆಲ್ ಎಂಬ ನರ್ತಕಿಯ ಒಂದೇ ಹೆಜ್ಜೆ ಎರಡು ಬಾರಿ ಕೇಳಿಸಿತು. ಕೆಳಸ್ವರಗಳ ಕೊಂಬು ಬಹಳ ಉದ್ದವಿದ್ದುದರಿಂದ ಆ ಸದ್ದು ಮೇಲ್ಸ್ವರಕ್ಕಿಂತ ತಡವಾಗಿ ಹೊರಬರುತ್ತಿತ್ತು. ಆ ದೋಷವನ್ನು ನೀಗಿಸಲು ಡಗ್ಲಸ್ ಶಿಯರರ್ ಮತ್ತು ಸಂಗಡಿಗರು 1936ರ ವೇಳೆಗೆ ಹೊಸ ವ್ಯವಸ್ಥೆಯೊಂದನ್ನು ರೂಪಿಸಿದರು. 1953ರಲ್ಲಿ ‘ದಿ ರೋಬ್’ ಚಿತ್ರದೊಡನೆ ಸಿನಿಮಾಸ್ಕೋಪ್ ಬಂದಾಗ ತೆರೆಯ ಹಿಂದೆ ಎಡ, ನಡು, ಬಲ ಎಂದು ಮೂರು ಧ್ವನಿಮಾರ್ಗಗಳು ಬೇಕಾದುವು. ಮೂರೂ ಒಂದೇ ಬಗೆಯ ಸ್ಪೀಕರುಗಳಾಗಿರಬೇಕೆಂಬುದು ಅಂದಿನಿಂದ ಚಿತ್ರಮಂದಿರಗಳ ಸಂಪ್ರದಾಯವಾಯಿತು.

ಇದು ಬರಿಯ ಯಂತ್ರಜ್ಞರ ಹಟವೆಂದು ತಳ್ಳಿಹಾಕಲಾಗದು. ‘ಸ’ಕಾರ ‘ಶ’ಕಾರಗಳ ಭೇದ ಬಹುಮಟ್ಟಿಗೆ ಮೇಲಿನ ಆವರ್ತನಗಳಲ್ಲಿ ನೆಲಸಿದೆ. ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಐ.ಟಿ.ಐ. ಕಾರ್ಖಾನೆ ಆರಂಭವಾಯಿತಷ್ಟೆ, ಅಂಥ ಕಾರ್ಖಾನೆಗಳ ಟೆಲಿಫೋನು ಸಾಗಿಸುತ್ತಿದ್ದುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ನಾದವನ್ನು ಮಾತ್ರ. ಅದರಾಚೆಯದು ಕತ್ತರಿಸಿಹೋಗುವುದರಿಂದಲೇ ತಂತಿಯ ಮೇಲೆ ಹೆಸರುಗಳನ್ನು ಅಕ್ಷರ ಬಿಡಿಸಿ ಹೇಳಬೇಕಾಗುತ್ತಿತ್ತು. ಮಂಕಾದ ನಡುಸ್ಪೀಕರು ಮನೆಯಲ್ಲಿ ಮಾಡುವುದೂ ಇದನ್ನೇ. ತಮಿಳು, ಉರ್ದು, ತೆಲುಗು, ಕನ್ನಡ, ಇಂಗ್ಲಿಷುಗಳು ಒಂದೇ ಬೀದಿಯಲ್ಲಿ ಬಾಳುವ ಈ ಭಾಗದಲ್ಲಿ, ಅರ್ಧ ತಿಳಿದ ಭಾಷೆಯ ಚಿತ್ರವನ್ನು ನೋಡುವವನಿಗೆ ದನಿಯ ಬಣ್ಣವೇ ಅರ್ಧ ಅರ್ಥ. ಆ ಬಣ್ಣ ಕೆಟ್ಟರೆ ಅವನ ಪಾಲಿಗೆ ಪಾತ್ರವೇ ಕೆಟ್ಟಂತೆ.

ಹಾಗಾದರೆ ಮನೆಯಲ್ಲಿ ಮಾಡಬೇಕಾದುದೇನು? ಸಂಭಾಷಣೆಯ ಬಹುಪಾಲು ನಡುಸ್ಪೀಕರಿನಿಂದಲೇ ಬರುವುದರಿಂದ ಅದು ಎಡಬಲದವುಗಳ ಒಡಹುಟ್ಟಾಗಿರಬೇಕು. ಒಂದೇ ತಯಾರಕರ ಒಂದೇ ಮಾಲಿಕೆಯದಾದರೆ ಒಳ್ಳೆಯದು. ಮೂರೂ ಕಿವಿಯ ಎತ್ತರಕ್ಕೆ ಹತ್ತಿರವಿರಲಿ. ಒಂದೇ ಮರಳುಸದ್ದನ್ನು ಮೂರರಲ್ಲಿಯೂ ಸರದಿಯಾಗಿ ನುಡಿಸಿದರೆ ಬಣ್ಣದ ವ್ಯತ್ಯಾಸ ಒಡನೆ ಬಯಲಾಗುತ್ತದೆ. ಯಂತ್ರವೇ ಮೈಕಿನಿಂದ ಅಳೆದು ತಿದ್ದುವ ಸೌಲಭ್ಯ ಈಗ ಬಂದಿದೆ. ಅದು ಸ್ವಲ್ಪ ಅಂತರವನ್ನು ಮುಚ್ಚೀತೇ ವಿನಾ ಬೇರೆ ಕುಲದ ಸ್ಪೀಕರನ್ನು ನೆಂಟನನ್ನಾಗಿ ಮಾಡಲಾರದು. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ನಾದ ಯಾವ ದಿಕ್ಕಿನದೆಂದು ಕಿವಿ ಗುರುತಿಸುವುದು ಕಷ್ಟವಾದ್ದರಿಂದ ಮಂದ್ರದ ಪೆಟ್ಟಿಗೆಗೆ ಮಾತ್ರ ಈ ಕಟ್ಟು ಸಡಿಲ.

ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ ಇಂದು ಇಲ್ಲ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಬಾಗಿಲು ಹಾಕಿತು. ಅಲ್ಲಿ ಸಾವಿರ ಕಿವಿಗಳ ಪರವಾಗಿ ಯಾರೋ ಒಬ್ಬರು ಹೊತ್ತಿದ್ದ ಹೊಣೆ ಇಂದು ಇಂದಿರಾನಗರದ ಒಂದೊಂದು ಮನೆಗೂ ಹಂಚಿಹೋಗಿದೆ. ಸದ್ದನ್ನು ಏರಿಸುವ ಗುಂಡಿ ಎಲ್ಲರ ಕೈಯಲ್ಲೂ ಇದೆ. ಆಡುವವರ ದನಿಯನ್ನು ಅವರದೇ ದನಿಯಾಗಿ ಉಳಿಸುವ ಸೌಜನ್ಯ ಮಾತ್ರ ಕೊಂಡು ತರುವ ವಸ್ತುವಲ್ಲ. ಅದನ್ನು ಕಿವಿಯೇ ಕಲಿಯಬೇಕು.