ಓದು ಮುಗ್ಗರಿಸುವ ಜಾಗ: ವಿಜಯಪುರದ ನಾಲ್ಕು ತಾಲ್ಲೂಕುಗಳು ಮತ್ತು ಡಿಜಿಟಲ್ ಕಲಿಕೆಯ ಮೌಲ್ಯಮಾಪನ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಕೊಟ್ಟ ವರದಿ 35 ಸೂಚಕಗಳ ಆಧಾರದಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಆ ಪಟ್ಟಿಯಲ್ಲಿವೆ. ಇರುವುದೆಷ್ಟು, ಕೊರತೆ ಎಷ್ಟು ಎಂದು ಎಣಿಸಿ ಅನುದಾನ ಹಂಚುವುದಕ್ಕೆ ಆ ಅಳತೆಗೋಲು ಸರಿಯಾದದ್ದೇ. ತೊಡಕು ಹುಟ್ಟುವುದು ಎಣಿಕೆಯ ಅದೇ ರೂಢಿ ಡಿಜಿಟಲ್ ಕಲಿಕೆಯ ಮೌಲ್ಯಮಾಪನಕ್ಕೂ ಬಂದು ಕೂತಾಗ. 2017ರಲ್ಲಿ ಶುರುವಾದ ಶಾಲಾ ಕಲಿಕೆಯ ದೀಕ್ಷಾ ವೇದಿಕೆ, ಪಾಠವನ್ನು ಅದರಲ್ಲಿ ತೆರೆಯುವ ಪಠ್ಯಪುಸ್ತಕದ ಕ್ಯೂಆರ್ ಕೋಡು, 2020ರ ಅಕ್ಟೋಬರಿನಿಂದ ಆನ್‌ಲೈನಿಗೆ ಬಂದ ಶಿಕ್ಷಕರ ನಿಷ್ಠಾ ತರಬೇತಿಯ 18 ಮಾಡ್ಯೂಲುಗಳು, ಇವುಗಳ ಯಶಸ್ಸನ್ನು ಡೌನ್‌ಲೋಡು ಮತ್ತು ಪ್ರಮಾಣಪತ್ರಗಳ ಸಂಖ್ಯೆಯಲ್ಲಿ ಹೇಳುವುದೇ ವಾಡಿಕೆ. ಈ ತಾಲ್ಲೂಕುಗಳಿಂದ ಬಂದು ಎಂ.ಇಡಿ. ಮಾಡುವವರು ತಮ್ಮ ಪ್ರಬಂಧಗಳಲ್ಲಿ ಮೊದಲು ಓದು ಮುಗ್ಗರಿಸುವ ಜಾಗವನ್ನು ಹುಡುಕಬೇಕು, ಬೋಧನಾ ವಿನ್ಯಾಸ ಅಲ್ಲಿಂದಲೇ ಹೊರಡಬೇಕು ಎಂಬುದು ಈ ಲೇಖನದ ವಾದ.

ಹುಡುಕಲು ಅವರು ದೂರ ಹೋಗಬೇಕಿಲ್ಲ. ಅವರೇ ಪರದೆಯ ಓದುಗರು. 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯ ವಿಜಯಪುರದಲ್ಲೇ ಇದ್ದರೂ ಮುದ್ದೇಬಿಹಾಳದ ಹಳ್ಳಿಯಿಂದ ಗ್ರಂಥಾಲಯಕ್ಕೆ ಹೋಗಿಬರುವುದರಲ್ಲಿ ದಿನ ಕಳೆಯುತ್ತದೆ. ಹಾಗಾಗಿ ಓದು ಪರದೆಗೆ ಸರಿಯುತ್ತದೆ. ಸ್ವಯಂ ಆನ್‌ಲೈನ್ ವೇದಿಕೆಯ ಕೋರ್ಸುಗಳಿಂದ ಪಡೆಯಬಹುದಾದ ಕ್ರೆಡಿಟ್ಟಿನ ಮಿತಿಯನ್ನು ಯುಜಿಸಿ 2016ರಲ್ಲಿ ಶೇ 20 ಎಂದಿತ್ತು, 2021ರಲ್ಲಿ ಶೇ 40ಕ್ಕೆ ಏರಿಸಿತು. ಆಕರಕ್ಕೆ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾ. ಅಲ್ಲಿಂದ ಇಳಿಸಿಕೊಂಡ ಕನ್ನಡ ಪ್ರಬಂಧವೊಂದನ್ನು ಮೊಬೈಲಿನಲ್ಲಿ ತೆರೆದು ನೋಡಿ. ಎ4 ಅಳತೆಯ ಪುಟ ಅಂಗೈಯಗಲದ ಪರದೆಗೆ ಕುಗ್ಗಿದಾಗ 'ವೈಶಿಷ್ಟ್ಯ', 'ರಾಷ್ಟ್ರೀಯ' ಮುಂತಾದ ಪದಗಳ ಒತ್ತುಗಳು ಒಂದರೊಳಗೊಂದು ಕಲೆತು ಮಸಿಚುಕ್ಕೆಯಾಗುತ್ತವೆ. ಹಿಗ್ಗಿಸಿದರೆ ಸಾಲಿನ ತುದಿ ಪರದೆಯಾಚೆ ಸರಿಯುತ್ತದೆ. ಪ್ರತಿ ಸಾಲಿಗೂ ಬಲಕ್ಕೆಳೆದು ಮತ್ತೆ ಎಡಕ್ಕೆ ಬರಬೇಕು. ಕೋಷ್ಟಕವಾದರೆ ಶೀರ್ಷಿಕೆ ಮೇಲೆಲ್ಲೋ ಉಳಿದು, ಕೈಗೆ ಸಿಗುವುದು ವಾರಸುದಾರರಿಲ್ಲದ ಅಂಕಿಗಳು. ಯೂನಿಕೋಡಿಗೆ ಮುಂಚಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಬೆರಳಚ್ಚಾದ ಕಡತದಲ್ಲಿ 'ಮೌಲ್ಯಮಾಪನ' ಎಂದು ಹುಡುಕಿದರೆ ಫಲಿತಾಂಶ ಸೊನ್ನೆ, ನಕಲು ಮಾಡಿದರೆ ರೋಮನ್ ಅಕ್ಷರ-ಚಿಹ್ನೆಗಳ ಕಲಸುಮೇಲೋಗರ. ಕಣ್ಣೆದುರಿಗಿರುವ ಪದವನ್ನೇ ಇಲ್ಲವೆನ್ನುವ ಗ್ರಂಥಾಲಯ ಇದು! ಆದರೂ ಡೌನ್‌ಲೋಡಿನ ಲೆಕ್ಕದಲ್ಲಿ ಈ ಓದು ಯಶಸ್ವಿ.

ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯ ಮೌಲ್ಯಮಾಪನಕ್ಕೆ ಸೂಚಿಸಿದ ನಾಲ್ಕು ಮೆಟ್ಟಿಲುಗಳು ಪ್ರತಿಕ್ರಿಯೆ, ಕಲಿಕೆ, ವರ್ತನೆ, ಪರಿಣಾಮ. ಡೌನ್‌ಲೋಡಿನ ಅಂಕಿ ಇವುಗಳಲ್ಲಿ ಮೊದಲನೆಯದನ್ನೂ ಮುಟ್ಟುವುದಿಲ್ಲ. ಏಳೆಂಟು ಓದುಗರನ್ನು ಕೂರಿಸಿ, ಓದುತ್ತಾ ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳಿಸಿ, ಎಲ್ಲಿ ಹಿಂದೆ ಸರಿದರು, ಎಲ್ಲಿ ಬಿಟ್ಟೆದ್ದರು ಎಂದು ಗುರುತು ಹಾಕಿಕೊಂಡರೆ ಪಾಠವನ್ನು ತಿದ್ದಲು ಬೇಕಾದ ಮಾಹಿತಿ ಸಿಗುತ್ತದೆ. ಇಷ್ಟು ಚಿಕ್ಕ ಮಾದರಿಯಿಂದ ತಾಲ್ಲೂಕಿನ ಬಗ್ಗೆ ಏನು ಹೇಳಲಾದೀತು ಎಂಬ ಆಕ್ಷೇಪ ನ್ಯಾಯವಾದದ್ದು. ತಾಲ್ಲೂಕಿನ ಬಗ್ಗೆ ಏನೂ ಹೇಳಲಾಗದು. ಆದರೆ ಕಾರ್ಯಕ್ರಮ ನಡೆಯುತ್ತಿರುವಾಗಲೇ ತಿದ್ದುವ ಮೌಲ್ಯಮಾಪನ, ಮುಗಿದ ಮೇಲೆ ತೀರ್ಪು ಕೊಡುವ ಮೌಲ್ಯಮಾಪನ ಎಂದು ಮೈಕೆಲ್ ಸ್ಕ್ರಿವೆನ್ 1967ರಲ್ಲೇ ಬೇರ್ಪಡಿಸಿದ್ದರು. ತೀರ್ಪಿಗೆ ದೊಡ್ಡ ಮಾದರಿ ಬೇಕು. ತಿದ್ದುವುದಕ್ಕೆ ಬೇಡ: ಪರದೆಗೆ ಹೊಂದದ ಕೋಷ್ಟಕದ ದೋಷ ಮೂರನೆಯ ಓದುಗನ ಹೊತ್ತಿಗೇ ಬಯಲಾಗುತ್ತದೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಕಾಗದದ ಓದೇ ಮೇಲು, ಪರದೆಯನ್ನೇಕೆ ತಿದ್ದಬೇಕು? ಡೆಲ್ಗಾಡೊ ಮತ್ತು ಸಂಗಡಿಗರು 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಗ್ರಹಿಕೆಯಲ್ಲಿ ಕಾಗದಕ್ಕೇ ಮುನ್ನಡೆ ಕೊಟ್ಟಿತು. ಅದನ್ನು ಪೂರ್ತಿ ಓದಿದರೆ ಉತ್ತರ ಅಲ್ಲೇ ಇದೆ. ಸಮಯದ ಕಟ್ಟುಪಾಡಿದ್ದಾಗ ಪರದೆಯ ಹಿನ್ನಡೆ ಹೆಚ್ಚುತ್ತದೆ. ಬರೀ ಕಥನವಿದ್ದರೆ ಎರಡಕ್ಕೂ ಅಂಥ ಅಂತರವಿಲ್ಲ. ಅಂದರೆ ಮಾಹಿತಿಪ್ರಧಾನ ಪಾಠದಲ್ಲಿ ಗಡಿಯಾರ ಹಿಡಿದು ನಿಲ್ಲುವುದನ್ನು ಬಿಡಿಸುವುದೂ ವಿನ್ಯಾಸದ ಕೆಲಸವೇ. ನೆಟ್‌ವರ್ಕ್ ಇಲ್ಲದ ಮೇಲೆ ವಿನ್ಯಾಸದಿಂದೇನು ಎನ್ನುವವರಿಗೆ, ಮೇಲೆ ಹೇಳಿದ ಕಡತ ಮೊದಲೇ ಮೊಬೈಲಿಗೆ ಇಳಿದಿತ್ತು ಎಂಬುದನ್ನು ನೆನಪಿಸಿದರೆ ಸಾಕು. ಅಧ್ಯಯನವನ್ನು ವರ್ಷದ ಯಾವ ಕಾಲದಲ್ಲಿ ನಡೆಸಬೇಕೆಂಬ ಪ್ರಶ್ನೆ ಮಾತ್ರ ಇದಕ್ಕಿಂತ ಜಟಿಲ. ಕಬ್ಬು ಕಡಿಯುವ ಹಂಗಾಮು ಬಂತೆಂದರೆ ಈ ಸೀಮೆಯ ಎಷ್ಟೋ ಕುಟುಂಬಗಳು ಮಕ್ಕಳನ್ನೂ ಕಟ್ಟಿಕೊಂಡು ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತವೆ. ಜೂನ್-ಜುಲೈನಲ್ಲಿ ಕ್ಯೂಆರ್ ಕೋಡಿನ ಬಳಕೆ ಅಳೆದ ಪ್ರಬಂಧಕ್ಕೆ ತರಗತಿ ತುಂಬಿಯೇ ಕಾಣುತ್ತದೆ. ಅದೇ ಶಾಲೆಗೆ ಡಿಸೆಂಬರಿನಲ್ಲಿ ಮತ್ತೊಮ್ಮೆ ಹೋದರೆ, ಪುಸ್ತಕ ಶಾಲೆಯಲ್ಲೇ ಉಳಿದು ಮೊಬೈಲು ಮಾತ್ರ ಕಬ್ಬಿನ ಗದ್ದೆಗೆ ಹೋಗಿರುತ್ತದೆ. ಪುಸ್ತಕದ ಪುಟದಲ್ಲಿ ಅಚ್ಚಾದ ಕೋಡನ್ನು ಗುಳೆ ಹೋದ ಮಗು ಎಲ್ಲಿಂದ ಸ್ಕ್ಯಾನ್ ಮಾಡಬೇಕು?