ಅಂಕಿ ಬಂದದ್ದು ಆಮೇಲೆ

‘ಯೋಹಾನ ಮೂರು ಹದಿನಾರು’ ಅಂದರೆ ಸಾಕು, ಸಂಡೇ ಸ್ಕೂಲಿನ ಮಕ್ಕಳೂ ತಟ್ಟನೆ ಆ ಪುಟ ತೆರೆಯುತ್ತಾರೆ. ಆದರೆ ಹಾಗೆ ಹೇಳಿದ್ದರೆ ಅದನ್ನು ಬರೆದವನಿಗೇ ಅರ್ಥವಾಗುತ್ತಿರಲಿಲ್ಲ. ಬೈಬಲ್‌ನ ಅಧ್ಯಾಯ, ವಚನಗಳ ಅಂಕಿಗಳು ಮೂಲ ಬರಹದಲ್ಲಿ ಇರಲೇ ಇಲ್ಲ. ಸತ್ತವರು ಎದ್ದುಬರುತ್ತಾರೆಯೇ ಎಂದು ಸದ್ದುಕಾಯರು ಕೊಂಕು ತೆಗೆದಾಗ ಯೇಸು ಮೋಶೆಯ ಗ್ರಂಥದ ಒಂದು ಜಾಗವನ್ನು ತೋರಿಸುತ್ತಾರೆ. ನಾವಾದರೆ ವಿಮೋಚನಕಾಂಡ 3:6 ಅನ್ನುತ್ತೇವೆ. ಮಾರ್ಕನ ಬರಹದಲ್ಲಿ ಅದು ಬರೀ ‘ಪೊದೆಯ ಪ್ರಸಂಗ’. ನಮ್ಮಲ್ಲೂ ಜೈಮಿನಿ ಭಾರತ ಕೇಳಲು ಕೂತವರು ಸಂಧಿಯ ಸಂಖ್ಯೆ ಹೇಳುವುದಿಲ್ಲ, ಚಂದ್ರಹಾಸನ ಕಥೆ ಓದಿ ಅನ್ನುತ್ತಾರೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಲೇಖಕನಂತೂ ಎಂಟನೆಯ ಕೀರ್ತನೆಯನ್ನು ಉದ್ಧರಿಸುವಾಗ, ಯಾರೋ ಎಲ್ಲೋ ಹೇಳಿದ್ದಾರೆ ಎಂಬಷ್ಟಕ್ಕೇ ಬಿಡುತ್ತಾನೆ. ಕೇಳುವವರಿಗೆ ಬಾಯಿಪಾಠವಿದ್ದ ಸಾಲಿಗೆ ವಿಳಾಸ ಯಾಕೆ ಬೇಕು?

ಬಾಯಿಪಾಠ ಸಾಲದೆ ಹೋದಾಗ ಅಂಕಿ ಬಂತು. ನಾಲ್ಕನೆಯ ಶತಮಾನದಲ್ಲಿ ಕೈಸರೈಯದ ಯೂಸೇಬಿಯಸ್ ನಾಲ್ಕು ಸುವಾರ್ತೆಗಳನ್ನು ಸಾವಿರಕ್ಕೂ ಹೆಚ್ಚು ತುಣುಕುಗಳಾಗಿ ಗುರುತಿಸಿ, ಒಂದೇ ಘಟನೆ ಯಾರಲ್ಲೆಲ್ಲ ಇದೆ ಎಂದು ಹತ್ತು ಪಟ್ಟಿಗಳಲ್ಲಿ ಜೋಡಿಸಿದ. ಇತ್ತ ಯೆಹೂದ್ಯ ಲಿಪಿಕಾರರು ವಾಕ್ಯ ಎಲ್ಲಿ ಮುಗಿಯುತ್ತದೆಂದು ಚಿಹ್ನೆ ಹಾಕಿಕೊಂಡಿದ್ದರೂ ಅದಕ್ಕೆ ಸಂಖ್ಯೆ ಕೊಟ್ಟಿರಲಿಲ್ಲ. ಈಗಿನ ಅಧ್ಯಾಯಗಳು 13ನೆಯ ಶತಮಾನದ ಆರಂಭದ ಪ್ಯಾರಿಸ್ಸಿನವು. ಅಲ್ಲಿ ಪಾಠ ಹೇಳುತ್ತಿದ್ದು ಮುಂದೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದ ಸ್ಟೀಫನ್ ಲ್ಯಾಂಗ್ಟನ್ ಹೆಸರಿಗೆ ಅವು ಸಲ್ಲುತ್ತವೆ. 15ನೆಯ ಶತಮಾನದಲ್ಲಿ ಐಸಾಕ್ ನೇಥನ್ ಹೀಬ್ರೂ ಪದಸೂಚಿ ತಯಾರಿಸುವಾಗ ಕ್ರೈಸ್ತರ ಇದೇ ಅಧ್ಯಾಯಗಳನ್ನು ತೆಗೆದುಕೊಂಡ. ಕ್ರೈಸ್ತರೊಂದಿಗೆ ವಾದಕ್ಕೆ ಕೂರುವ ಯೆಹೂದ್ಯರಿಗೆ ಅವರು ಹೇಳುವ ಜಾಗ ಥಟ್ಟನೆ ಸಿಗಬೇಕಿತ್ತು. ವಾದಕ್ಕೆಂದು ಎರವಲು ತಂದದ್ದು ಹೀಬ್ರೂ ಬೈಬಲ್‌ನಲ್ಲೇ ನೆಲೆಯಾಯಿತು.

ಹೊಸ ಒಡಂಬಡಿಕೆಯ ವಚನಸಂಖ್ಯೆಗಳನ್ನು ಮುದ್ರಕ ರಾಬರ್ಟ್ ಎಸ್ಟಿಯೆನ್ 1551ರಲ್ಲಿ ಜಿನೀವಾದಲ್ಲಿ ಅಚ್ಚು ಹಾಕಿಸಿದ. ಪ್ಯಾರಿಸ್ಸಿನಿಂದ ಲಿಯೋನ್‌ಗೆ ಹೋಗುವ ದಾರಿಯಲ್ಲಿ ಅಪ್ಪ ಈ ಕೆಲಸ ಮಾಡಿದರೆಂದು ಮಗ ಆಮೇಲೆ ಬರೆದ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬರುವ ಹೊತ್ತಿಗೆ ಈ ಅಂಕಿಗಳಿಗೆ ಮುನ್ನೂರು ವರ್ಷದ ಹತ್ತಿರ ವಯಸ್ಸಾಗಿತ್ತು.

ಓದುಗರ ಎಷ್ಟೋ ಗೊಂದಲಗಳ ಬೇರು ಇಲ್ಲಿದೆ. ಸೃಷ್ಟಿಯ ಆರು ದಿನ ಮೊದಲ ಅಧ್ಯಾಯದಲ್ಲಿದ್ದು, ಏಳನೆಯ ದಿನ ಮಾತ್ರ ಎರಡನೆಯದಕ್ಕೆ ಹೋಗಿದೆ. ನನ್ನ ಮಟ್ಟಿಗೆ ಇದು ಗೆರೆ ಎಳೆದವರ ತಪ್ಪೇ. ‘ಯೆಹೋವನು ನನ್ನ ಕುರುಬ’ ಎನ್ನುವ ಕೀರ್ತನೆ ಹೀಬ್ರೂ ಎಣಿಕೆಯಲ್ಲಿ 23, ಗ್ರೀಕ್ ಮತ್ತು ಹಳೆಯ ಲ್ಯಾಟಿನ್ ಬೈಬಲ್‌ಗಳಲ್ಲಿ 22. ಅವುಗಳಲ್ಲಿ 9 ಮತ್ತು 10ನೆಯ ಕೀರ್ತನೆಗಳು ಒಂದಾಗಿರುವುದೇ ಕಾರಣ. ಅಪೊಸ್ತಲರ ಕೃತ್ಯಗಳು 8ರಲ್ಲಿ ಕೆಲವು ಆವೃತ್ತಿಗಳು 36ರಿಂದ ನೇರ 38ಕ್ಕೆ ಹಾರುತ್ತವೆ. ಎಸ್ಟಿಯೆನ್ ಕೈಯಲ್ಲಿದ್ದ ಪಾಠದಲ್ಲಿ 37 ಇತ್ತು. ಅದಕ್ಕಿಂತ ಬಹಳ ಹಳೆಯ ಹಸ್ತಪ್ರತಿಗಳನ್ನು ವಿದ್ವಾಂಸರು ಆಮೇಲೆ ನೋಡಿದಾಗ ಆ ಮಾತು ಅವುಗಳಲ್ಲಿ ಸಿಗಲಿಲ್ಲ. ಮಾತು ಅಡಿಟಿಪ್ಪಣಿಗೆ ಇಳಿಯಿತು, ಸಂಖ್ಯೆ ಬದಲಾಗಲಿಲ್ಲ. ಹೊಲ ಹೊಳೆಪಾಲಾದರೂ ಪಹಣಿಯಲ್ಲಿ ಸರ್ವೆ ನಂಬರ್ ಉಳಿದ ಹಾಗೆ.

ವಚನದ ಅಂಕಿಗಳ ಗೊಂದಲ ಇದಾದರೆ, ಬೈಬಲ್‌ನೊಳಗಿನ ದಿನಗಳ ಲೆಕ್ಕದ ಪ್ರಶ್ನೆ ಅದಕ್ಕಿಂತ ಹಳೆಯದು. ಶುಕ್ರವಾರ ಮಧ್ಯಾಹ್ನ ಪ್ರಾಣ ಬಿಟ್ಟ ಯೇಸು ಭಾನುವಾರ ನಸುಕಿಗೆ ಎದ್ದರೆ ಮೂರು ದಿನ ಹೇಗಾದೀತು? ಗಂಟೆ ಲೆಕ್ಕದಲ್ಲಿ ನಲವತ್ತೂ ಆಗುವುದಿಲ್ಲ. ಯೆಹೂದ್ಯರ ದಿನ ಸೂರ್ಯಾಸ್ತಕ್ಕೆ ಶುರು. ಒಂದು ದಿನದ ತುಣುಕು ಸೇರಿದರೂ ಅದು ಇಡೀ ದಿನವೇ. ಶುಕ್ರವಾರದ ಕೊನೆ, ಇಡೀ ಶನಿವಾರ, ಭಾನುವಾರದ ಮೊದಲ ಭಾಗ ಸೇರಿ ಮೂರು. ಹಾಗಾದರೆ ಮತ್ತಾಯ 12:40ರ ‘ಮೂರು ಹಗಲು ಮೂರು ರಾತ್ರಿ’? ಎಸ್ತೇರಳ ಗ್ರಂಥ ನೋಡಿ: ಮೂರು ದಿನ ಹಗಲೂ ರಾತ್ರಿಯೂ ಉಪವಾಸವಿರಿ ಎಂದು ಕೇಳಿಕೊಂಡ ರಾಣಿ ಮೂರನೆಯ ದಿನವೇ ಅರಸನ ಮುಂದೆ ಹೋಗಿ ನಿಲ್ಲುತ್ತಾಳೆ. ಇದು ಗಡಿಯಾರದ ಮಾತಲ್ಲ, ಅಂದಿನ ಆಡುಮಾತು.

ಬೆಟ್ಟದ ಮೇಲೆ ಯೇಸುವಿನ ರೂಪ ಬದಲಾದದ್ದು ‘ಆರು ದಿನಗಳಾದ ಮೇಲೆ’ ಎಂದು ಮತ್ತಾಯ, ಮಾರ್ಕ ಹೇಳಿದರೆ ಲೂಕ ‘ಹೆಚ್ಚುಕಡಿಮೆ ಎಂಟು ದಿನ’ ಅನ್ನುತ್ತಾನೆ. ಇದಕ್ಕೆ ದೊಡ್ಡ ವ್ಯಾಖ್ಯಾನ ಹುಡುಕುವ ಮುಂಚೆ ನಮ್ಮ ಊರಿನ ಮಾತನ್ನೇ ಕೇಳಿಸಿಕೊಳ್ಳಬಹುದು. ಸೋಮವಾರದ ಸಂತೆಯಲ್ಲಿ ‘ಎಂಟು ದಿನ ಬಿಟ್ಟು ಬಾ’ ಅಂದವನು ಮುಂದಿನ ಸೋಮವಾರಕ್ಕೇ ಕಾಯುತ್ತಾನೆ. ಎರಡು ಸೋಮವಾರಗಳನ್ನೂ ಸೇರಿಸಿದರೆ ಎಂಟು, ಎರಡನ್ನೂ ಬಿಟ್ಟರೆ ನಡುವೆ ಉಳಿಯುವುದು ಆರು. ಲೂಕನೂ ಹೀಗೆಯೇ ಎಣಿಸಿರಬೇಕು.

ಅರಸರ ಆಳ್ವಿಕೆಯ ವರ್ಷಗಳು ಮಾತ್ರ ಇಷ್ಟು ಸುಲಭಕ್ಕೆ ಬಗ್ಗಲಿಲ್ಲ. ಯೆಹೂದ ಮತ್ತು ಇಸ್ರಾಯೇಲ್ ರಾಜ್ಯಗಳ ಲೆಕ್ಕ ಕೂಡಿಸಿದರೆ ತಾಳೆಯಾಗುತ್ತಿರಲಿಲ್ಲ. ಒಂದು ಕಡೆ ಪಟ್ಟಕ್ಕೆ ಬಂದ ವರ್ಷವನ್ನೇ ಮೊದಲನೆಯದಾಗಿ ಹಿಡಿಯುತ್ತಿದ್ದರು, ಇನ್ನೊಂದು ಕಡೆ ಅದನ್ನು ಬಿಟ್ಟು ಎಣಿಸುತ್ತಿದ್ದರು, ಅಪ್ಪ ಮಗ ಕೂಡಿ ಆಳಿದ ವರ್ಷಗಳೂ ಇದ್ದವು ಎಂದು ಎಡ್ವಿನ್ ಥೀಲೆ 1951ರ ಪುಸ್ತಕದಲ್ಲಿ ವಾದಿಸಿದ. ಅವನ ಎಲ್ಲ ತೀರ್ಮಾನಗಳನ್ನೂ ಎಲ್ಲರೂ ಒಪ್ಪಿಲ್ಲ. ಆದರೂ ತಪ್ಪು ಎಂದು ತಳ್ಳುವ ಮೊದಲು ಅವರು ಹೇಗೆ ಎಣಿಸುತ್ತಿದ್ದರು ಎಂದು ಕೇಳುವ ದಾರಿಯನ್ನು ಅವನು ಗಟ್ಟಿಮಾಡಿದ.

ಆ ದಾರಿಗೂ ಸಿಗದ ಅಂಕಿಗಳಿವೆ. ಯೆಹೂದದ ಯೆಹೋರಾಮ 32ನೆಯ ವಯಸ್ಸಿಗೆ ಅರಸನಾಗಿ ಎಂಟು ವರ್ಷ ಆಳಿ ಸತ್ತ; ಆಗ ಅವನಿಗೆ 40. ಮಗ ಅಹಜ್ಯ ಪಟ್ಟಕ್ಕೆ ಬಂದಾಗ ಎರಡನೆಯ ಅರಸುಗಳು 8:26ರ ಪ್ರಕಾರ 22 ವರ್ಷ, ಎರಡನೆಯ ಪೂರ್ವಕಾಲವೃತ್ತಾಂತ 22:2ರ ಹೀಬ್ರೂ ಪಾಠದಲ್ಲಿ 42. ಅಪ್ಪನಿಗಿಂತ ಮಗ ಎರಡು ವರ್ಷ ದೊಡ್ಡವನಾಗಲಾರ. ಯಾವುದೋ ಕಾಲದಲ್ಲಿ ನಕಲು ಮಾಡುವ ಕೈ ತಪ್ಪಿದೆ ಎನ್ನುವುದೇ ನನಗೆ ಸರಿ ಕಾಣುತ್ತದೆ. ಈಗಿನ ಕೆಲವು ಅನುವಾದಗಳು 22 ಎಂದು ತಿದ್ದಿ ಕೆಳಗೆ ಟಿಪ್ಪಣಿ ಕೊಡುತ್ತವೆ. ಆದರೆ ಹೀಬ್ರೂ ಪಾಠವನ್ನು ಕಾದ ಮಸೋರೆಟ್ ಲಿಪಿಕಾರರು ಪ್ರತಿ ಗ್ರಂಥದ ವಚನಗಳನ್ನು ಎಣಿಸಿ ಕೊನೆಯಲ್ಲಿ ಮೊತ್ತ ಬರೆದಿಡುತ್ತಿದ್ದವರು. ಇಷ್ಟು ಸಣ್ಣ ಲೆಕ್ಕ ಅವರ ಕಣ್ಣಿಗೆ ಬೀಳದೆ ಇದ್ದೀತೇ? ಆದರೂ ಕೈಗೆ ಬಂದ ಅಕ್ಷರವನ್ನು ಅವರು ಮುಟ್ಟಲಿಲ್ಲ, 42 ಎಂದೇ ಬರೆದು ಮುಂದಿನವರಿಗೆ ಕೊಟ್ಟರು.